ಎರಡು ಹೊಳೆಗಳ ಪೆಟ್ಟಿಗೆ

ಹೋದ ಶುಕ್ರವಾರ ಪೆಟ್ಟಿಗೆ ಮಾಸ್ತರ ನಿವೃತ್ತಿಯ ಚಹಾಕೂಟ ಇತ್ತು. ಬರ್ಮಿಂಗ್‌ಹ್ಯಾಮಿನ ಹಳೆಯ ಶಾಲಾ ಕಟ್ಟಡವೊಂದರ ಸಭಾಂಗಣದಲ್ಲಿ ಎರಡು ಮೇಜು ಜೋಡಿಸಿ ಸಮೋಸ, ಸ್ಕೋನ್, ಕಾಗದದ ತಟ್ಟೆಗಳನ್ನು ಇಟ್ಟಿದ್ದರು. ಮ್ಯಾನೇಜರ್ ಎದ್ದು ನಿಂತು, ಇಷ್ಟು ವರ್ಷಗಳಲ್ಲಿ ಇವರು ಒಂದು ದಿನವೂ ತಡವಾಗಿ ಬಂದವರಲ್ಲ, ವ್ಯಾನಿಗೆ ಒಂದು ಗೀರೂ ಬೀಳಿಸಿದವರಲ್ಲ ಎಂದು ಹೊಗಳಿದರು. ಇವರು ಗೋಡೆಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಬೆಚ್ಚಿಬಿದ್ದು, ಯಾರಿಗೋ ಏನೋ ಸನ್ಮಾನ ಎಂಬಂತೆ ತಾವೂ ತಟ್ಟಿದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಬೇರೆ ಮಾತು. ಆದರೆ ಮಾತಾಡಿದ ಮೂರು ಜನರಲ್ಲಿ ಒಬ್ಬರೂ ಅವರು ಮಾಡುತ್ತಿದ್ದ ಕೆಲಸ ಎಂಥದು ಎಂದು ಹೇಳಲಿಲ್ಲ. ಆದ್ದರಿಂದ ನಾನು ಹೇಳುತ್ತೇನೆ.

ಅವರು ಕೆಲಸ ಮಾಡುತ್ತಿದ್ದದ್ದು ಈ ಊರಿನ ಪ್ರೈಮರಿ ಶಾಲೆಗಳಿಗೆ ಪಾಠದ ಸಾಮಾನು ಎರವಲು ಕೊಡುವ ಒಂದು ಉಗ್ರಾಣದಲ್ಲಿ. ರೋಮನ್ನರು, ಈಜಿಪ್ಟು, ವಿಕ್ಟೋರಿಯನ್ ಅಡುಗೆಮನೆ, ಹಲ್ಲು, ಹವಾಮಾನ, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಪುಸ್ತಕ, ನಕಾಶೆ, ಚಿತ್ರದ ಕಾರ್ಡುಗಳು, ಮಕ್ಕಳು ಕೈಯಲ್ಲಿ ಹಿಡಿದು ನೋಡುವಂಥ ವಸ್ತುಗಳು. ಟೀಚರು ಫಾರಂ ತುಂಬಿ ಕಳಿಸಿದರೆ ಅರ್ಧ ಟರ್ಮಿಗೆ, ಎಂದರೆ ಆರೇಳು ವಾರಕ್ಕೆ, ಒಂದು ಪೆಟ್ಟಿಗೆ ಶಾಲೆಯ ಬಾಗಿಲಿಗೆ ಬರುತ್ತದೆ. ಪೆಟ್ಟಿಗೆ ಕಟ್ಟುವುದು, ವ್ಯಾನಿನಲ್ಲಿ ಮುಟ್ಟಿಸುವುದು, ವಾಪಸ್ ಬಂದದ್ದನ್ನು ಒಂದೊಂದಾಗಿ ನೋಡಿಕೊಳ್ಳುವುದು, ಮುರಿದದ್ದಕ್ಕೆ ಅಂಟು ಹಾಕುವುದು ಎಲ್ಲ ಇವರದೇ. ಇಲ್ಲಿನ ಕನ್ನಡದವರ ಬಾಯಲ್ಲಿ ಅವರು ಪೆಟ್ಟಿಗೆ ಮಾಸ್ತರು. ನಿಜವಾದ ಹೆಸರು ಹೇಳಿದರೆ ಸಟನ್ ಕೋಲ್ಡ್‌ಫೀಲ್ಡಿನ ಬಡಾವಣೆಯಲ್ಲಿರುವ ನಮ್ಮ ಕನ್ನಡ ಡಾಕ್ಟರುಗಳ ಮನೆಗಳಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕನ್ನಡ ಮಕ್ಕಳಿಗಾಗಿ ಭಾನುವಾರ ನಡೆಸುತ್ತಿದ್ದ ಒಂದು ತರಗತಿಯಲ್ಲಿ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಇಂಗ್ಲಿಷು. ಮಾಸ್ತರ ಕೈಲಿ ಏನಾದರೂ ಪಾಠ ಮಾಡಿಸೋಣ ಎಂದು ಯಾರೋ ಕರೆದಿದ್ದರು. ಇವರು ಬಟ್ಟೆಯಲ್ಲಿ ಸುತ್ತಿದ್ದ ಒಂದು ಹಿತ್ತಾಳೆ ಸಾಮಾನನ್ನು ತೆಗೆದು ಚಾಪೆಯ ನಡುವೆ ಇಟ್ಟು, "ಇದೇನು ಹೇಳಿ" ಎಂದು ಕೇಳಿ ಸುಮ್ಮನೆ ಕೂತುಬಿಟ್ಟರು. ಮಕ್ಕಳು ಅದನ್ನು ಒತ್ತಿದರು, ತಿರುಗಿಸಿದರು, ಮೂಸಿ ನೋಡಿದರು. ಒಬ್ಬ ಸೈಕಲ್ ಪಂಪು ಎಂದ. ಒಬ್ಬಳು ಗೊಂಬೆಗೆ ಕೂದಲು ಮಾಡುವ ಯಂತ್ರ ಎಂದಳು. ತಳದ ತೂತು ನಕ್ಷತ್ರದ ಹಾಗಿದೆ, ಅದರಿಂದ ಏನೋ ಹೊರಗೆ ಬರುತ್ತದೆ ಎಂದು ಮೂರನೆಯವನು ಹೇಳಿದ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಅವರೇ ಹೇಳುತ್ತಿದ್ದರೇನೋ. ಅಷ್ಟರಲ್ಲಿ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದ ಅಪ್ಪ ಅಮ್ಮಂದಿರು ತಡೆಯಲಾರದೆ "ಚಕ್ಕುಲಿ ಒರಳು!" ಎಂದು ಒಟ್ಟಿಗೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

ಅವರು ಒರಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. "ಪಾಠ ಮುಗೀತು. ಅಪ್ಪ ಅಮ್ಮ ಎಲ್ಲ ಪಾಸಾದ್ರು" ಎಂದು ಹೇಳಿ ಚಹಾ ಕುಡಿಯಲು ಎದ್ದುಹೋದರು. ಆಮೇಲೆ ಲೋಟ ಹಿಡಿದು ನನ್ನ ಹತ್ತಿರ ಬಂದು, "ನೀವು ಟೀಚರಾ?" ಎಂದು ಕೇಳಿದರು.

"ಹೌದು. ಹೇಗೆ ಗೊತ್ತಾಯ್ತು?"

"ನೀವು ಕೂಗಿದ್ದು ಸಂತೋಷಕ್ಕಲ್ಲ. ಮಕ್ಕಳಿಗೆ ಗೊತ್ತಾಗ್ಲಿಲ್ಲ ಅನ್ನೋ ಸಂಕಟಕ್ಕೆ."

ನನಗೆ ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಆಗ ನನ್ನ ಪರಿಸ್ಥಿತಿ ಹೀಗಿತ್ತು. ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೆ. ಇಲ್ಲಿ ಗಂಡನಿಗೆ ಆಸ್ಪತ್ರೆಯಲ್ಲಿ ಕೆಲಸ. ಡ್ಯೂಟಿಯ ರೋಟಾ ಹೇಗೆ ಹೇಳಿದರೆ ಹಾಗೆ ಬದುಕು. ನನಗೆ ಸೆಲ್ಲಿ ಓಕ್ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಐದನೆಯ ಇಯರಿನ, ಎಂದರೆ ಒಂಬತ್ತು ಹತ್ತು ವರ್ಷದ ಮಕ್ಕಳ, ತರಗತಿ ಸಿಕ್ಕಿತ್ತು. ಆದರೆ ಹೊರದೇಶದಲ್ಲಿ ಓದಿ ಬಂದ ಶಿಕ್ಷಕರು ನಾಲ್ಕು ವರ್ಷದೊಳಗೆ ಇಲ್ಲಿನ ಅರ್ಹತೆ ಪಡೆಯಬೇಕು, ಇಲ್ಲದಿದ್ದರೆ ತರಗತಿ ಬಿಡಬೇಕು. ನನ್ನ ನಾಲ್ಕನೆಯ ವರ್ಷ ಜುಲೈಗೆ ಮುಗಿಯುತ್ತಿತ್ತು. ಪರೀಕ್ಷಕರು ಬಂದು ಹಿಂದೆ ಕೂತು ನೋಡುವ ಪಾಠದಲ್ಲಿ ನಾನು ಒಮ್ಮೆ ಆಗಲೇ ಫೇಲಾಗಿದ್ದೆ. "ಪ್ರಶ್ನೆಯನ್ನು ತಾವೇ ಕೇಳಿ ಉತ್ತರವನ್ನೂ ತಾವೇ ಹೇಳುತ್ತಾರೆ. ಮಕ್ಕಳಿಗೆ ಯೋಚಿಸಲು ಎಡೆಯಿಲ್ಲ" ಎಂದು ಬರೆದಿದ್ದರು. ಅದನ್ನು ಓದಿದ ನನ್ನ ಗಂಡ, ಇದನ್ನು ನಾನು ಮದುವೆಯಾದ ವರ್ಷವೇ ಬರೆದುಕೊಡಬಹುದಿತ್ತು ಎಂದರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಎರಡನೆಯ ಅವಕಾಶ ಜೂನಿನಲ್ಲಿ. ಮೂರನೆಯದು ಇರಲಿಲ್ಲ.

ಪಾಠ ಮಾಡದೆ ನಾನು ಏನು ಮಾಡಬಲ್ಲೆ ಎಂದು ಯೋಚಿಸಿದರೆ ಏನೂ ಹೊಳೆಯುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಗಡಿಯಾರ ನೋಡಿಕೊಂಡರೂ ನಾನು ಜುಲೈಗೆ ಉಳಿದ ವಾರಗಳನ್ನು ಎಣಿಸುತ್ತಿದ್ದೆ.

ಜೂನಿನ ಪಾಠದ ವಿಷಯ ನದಿಗಳು. ನದಿಯ ಪೆಟ್ಟಿಗೆ ತರಿಸೋಣ ಎಂದು ಫಾರಂ ತುಂಬಿದೆ. ಅಂಚೆಗೆ ಹಾಕಲು ಕೊಟ್ಟ ಫಾರಂ ಗಂಡನ ಕೋಟಿನ ಜೇಬಿನಲ್ಲಿ ಮೂರು ವಾರ ಆಸ್ಪತ್ರೆಗೆ ಹೋಗಿ ಬರುತ್ತಿತ್ತು. ಗೊತ್ತಾದ ದಿನ ನಾನೇ ಉಗ್ರಾಣಕ್ಕೆ ಓಡಿದೆ.

ಅಲ್ಲಿ ಮಾಸ್ತರು ಬೇರೆಯೇ ಮನುಷ್ಯ. ಕನ್ನಡದವರ ನಡುವೆ ಎಲ್ಲರಂತೆ ಬೆಂಗಳೂರಿನ ನಯವಾದ ಮಾತು. ಉಗ್ರಾಣದ ಬಾಗಿಲು ದಾಟಿದರೆ ಧಾರವಾಡ. ಕಿವಿಯ ಮೇಲೆ ಪೆನ್ಸಿಲ್ಲು, ಕೊರಳಿಗೆ ದಾರದಲ್ಲಿ ಕನ್ನಡಕ. ವಾಪಸ್ ಬಂದ ಪೆಟ್ಟಿಗೆಯ ಮುಚ್ಚಳ ತೆಗೆದು ಮೊದಲು ಮೂಗು ಇಟ್ಟು ನೋಡುವರು. "ಇದನ್ನ ರೇಡಿಯೇಟರ್ ಬಾಜೂಕ ಇಟ್ಟಿದ್ರು." "ಇದರಾಗ ಯಾರೋ ಬಾಳೆಹಣ್ಣು ಮರತಾರ." ಎಲ್ಲ ವಸ್ತುವೂ ಹಾಗೇ ಹೊಸದಾಗಿ ವಾಪಸ್ ಬಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಆ ಶಾಲೆಯಲ್ಲಿ ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ ಎಂದು ಅದರ ಅರ್ಥ. ರೋಮನ್ ದೀಪದ ಹಿಡಿ ಮುರಿದು ಬಂದ ದಿನ ಮಾತ್ರ, "ನೋಡ್ರಿ, ಇಲ್ಲಿ ಪಾಠ ಆಗೇದ" ಎನ್ನುತ್ತ ಅಂಟಿನ ಡಬ್ಬಿ ತೆಗೆಯುತ್ತಿದ್ದರು.

ನದಿಯ ಪೆಟ್ಟಿಗೆಗಳು ಐದೂ ಹೊರಗೆ ಹೋಗಿದ್ದವು. ನಾನು ಅಲ್ಲೇ ಒಂದು ಖಾಲಿ ಪೆಟ್ಟಿಗೆ ಮಗುಚಿ ಅದರ ಮೇಲೆ ಕೂತೆ. ಅವರು ನನ್ನ ಕಥೆಯನ್ನೆಲ್ಲ ಕೇಳಿದರು. ಆಮೇಲೆ ಏಣಿ ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದರು.

"ಇದೂ ನದೀನ. ಅಮೆರಿಕಾದ್ದು. ಯಾರೂ ಒಯ್ಯೂದಿಲ್ಲ."

ಎರಡು ಶತಮಾನದ ಹಿಂದೆ ಇಬ್ಬರು ಕ್ಯಾಪ್ಟನ್‌ಗಳು ಮೂವತ್ತು ಚಿಲ್ಲರೆ ಜನರನ್ನು ಕಟ್ಟಿಕೊಂಡು, ಮಿಸೌರಿ ನದಿಯಲ್ಲಿ ಪ್ರವಾಹದ ಎದುರಾಗಿ ದೋಣಿ ಎಳೆಯುತ್ತ, ಬೆಟ್ಟಗಳನ್ನು ದಾಟಿ ಪಶ್ಚಿಮದ ಸಮುದ್ರದವರೆಗೆ ಹೋಗಿಬಂದ ಪ್ರಯಾಣದ ಪೆಟ್ಟಿಗೆ ಅದು. ಯಾವುದೋ ಶಾಲೆಗೆ ಒಂದು ವರ್ಷಕ್ಕೆಂದು ಬಂದಿದ್ದ ಅಮೆರಿಕನ್ ಟೀಚರೊಬ್ಬಳು ಬಿಟ್ಟುಹೋದ ನಕಾಶೆ ಮತ್ತು ಕಾರ್ಡುಗಳು ಕಸಕ್ಕೆ ಹೋಗುವುದರಲ್ಲಿದ್ದವಂತೆ. ಇವರು ತಂದು ಉಳಿದದ್ದನ್ನು ತಾವೇ ಕೂಡಿಸಿದ್ದರು. ರ‍್ಯಾಗ್ ಮಾರ್ಕೆಟ್ಟೆಂಬ ಇಲ್ಲಿನ ಸಂತೆಯಿಂದ ತಂದ ನೀಲಿ ಮಣಿಗಳು: ದಾರಿಯಲ್ಲಿ ಸಿಕ್ಕ ಜನರೊಡನೆ ಕೊಡುಕೊಳ್ಳಲು ಕ್ಯಾಪ್ಟನ್‌ಗಳು ಒಯ್ದದ್ದರಲ್ಲಿ ನೀಲಿಗೇ ಬೇಡಿಕೆಯಿತ್ತಂತೆ. ಒತ್ತಿ ಒಣಗಿಸಿದ ಎಲೆಗಳು, ದುಂಡು ಕಲ್ಲುಗಳು, ಒಂದು ದಿಕ್ಸೂಚಿ, ಕರಡಿಯ ಉಗುರಿನ ಹಾಗೆ ಕೆತ್ತಿದ ಮರದ ತುಂಡು. ಚರ್ಮದ ಒಂದು ಜೊತೆ ಮೆಟ್ಟು, ಮಾಸ್ತರೇ ಹೊಲಿದದ್ದು. ಅವರ ಹೆಂಡತಿ ನರ್ಸು. ಆಕೆಯ ಒಳ್ಳೆಯ ಚರ್ಮದ ಕೈಚೀಲವೊಂದು ಆ ವರ್ಷ ಕಾಣೆಯಾಗಿತ್ತು ಎಂದು ಆಮೇಲೆ ಆಕೆಯೇ ನನಗೆ ಹೇಳಿದರು.

"ಇದರಾಗ ಒಂದ ಪಾಠ ತಗೋರಿ, ಸಾಕು" ಎಂದು ಒಂದು ಕಾರ್ಡಿನ ಕಟ್ಟು ಬಿಡಿಸಿದರು. ಕಾರ್ಡಿನಲ್ಲಿ ಇದ್ದದ್ದು ಇದು: ವಾರಗಟ್ಟಲೆ ಬಂದ ಮೇಲೆ ಒಂದು ದಿನ ಮುಂದೆ ನದಿ ಎರಡಾಗಿ ಕವಲೊಡೆದಿದೆ. ಬಲಗಡೆಯದು ಆಳ, ನಿಧಾನ, ಕೆಸರು. ಇಷ್ಟು ದಿನ ಅವರು ಬಂದ ನದಿಯ ಹಾಗೇ. ಎಡಗಡೆಯದು ಅಗಲ, ರಭಸ, ತಿಳಿನೀರು, ತಳದಲ್ಲಿ ನುಣುಪಾದ ದುಂಡು ಕಲ್ಲು. ಒಂದು ಮಾತ್ರ ನಿಜವಾದ ಮಿಸೌರಿ. ತಪ್ಪಿದರೆ ಬೇಸಗೆ ಕಳೆದುಹೋಗುತ್ತದೆ, ಬೆಟ್ಟದಲ್ಲಿ ಹಿಮ ಬೀಳುತ್ತದೆ. ಯಾವುದರಲ್ಲಿ ಹೋಗಬೇಕು?

"ಯಾವುದರಲ್ಲಿ?" ಎಂದು ನಾನು ಕೇಳಿದೆ.

ಅವರು ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದು, ಮೇಜಿನ ಖಾನೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದರು. ಆ ಡಬ್ಬಿ ತುಂಬ ಅಂಥವೇ ಲಕೋಟೆಗಳು. ಪ್ರತಿ ಪೆಟ್ಟಿಗೆಯಿಂದಲೂ ಮುಖ್ಯವಾದ ಒಂದು ಉತ್ತರದ ಚೀಟಿಯನ್ನು ಅವರು ತೆಗೆದಿಟ್ಟುಕೊಂಡು, ಪೆಟ್ಟಿಗೆ ವಾಪಸ್ ಬಂದ ಮೇಲೆ ಟೀಚರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಇದರ ಬಗ್ಗೆ ಮ್ಯಾನೇಜರಿಗೆ ದೂರು ಹೋಗಿದ್ದವು. ಮ್ಯಾನೇಜರ್ ಅವನ್ನು ಇವರ ಕೈಗೇ ಕೊಟ್ಟು ಸುಮ್ಮನಾಗಿದ್ದರು.

"ಸಾರ್, ತಮಾಷೆ ಬೇಡಿ. ನನ್ನ ಕೆಲಸ ಹೋಗುತ್ತೆ."

"ಹೋಗಬಾರದು ಅಂತನ ತಗದೀನಿ. ನಿಮಗ ಉತ್ತರ ಗೊತ್ತಿದ್ರ ಹುಡುಗರಿಗೂ ಗೊತ್ತಾಗ್ತದ. ಒಬ್ಬಾಂವ ಸರಿ ಹೇಳಿದ ಕೂಡ್ಲೆ ನಿಮ್ಮ ಹುಬ್ಬು ಮ್ಯಾಲ ಹೋಗ್ತಾವ. ಆ ಚಕ್ಕುಲಿ ದಿನ ನಾ ನೋಡೀನಲ್ಲ."

"ಪರೀಕ್ಷಕರ ಮುಂದೆ ನನಗೆ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"

"ಕನ್ನಡದಾಗ ಹತ್ತರ ತನಕ ಮನಸಿನಾಗ ಎಣಸ್ರಿ. ಅಷ್ಟರಾಗ ಯಾವುದರೆ ಕೂಸು ಬಾಯಿ ಬಿಡ್ತದ."

ನಾನು ಬೈದೆ. ನಿಜವಾಗಿ ಬೈದೆ. ನಿಮಗೇನು, ನಿಮ್ಮ ಕೆಲಸ ಗಟ್ಟಿ, ವ್ಯಾನ್ ಓಡಿಸಿಕೊಂಡು ಇರುತ್ತೀರಿ, ಪಾಠ ಮಾಡುವವರ ಸಂಕಟ ನಿಮಗೇನು ಗೊತ್ತು ಎಂದುಬಿಟ್ಟೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತುದಿ ನೋಡಿ ಮತ್ತೆ ಅಲ್ಲೇ ಇಟ್ಟರು.

"ನಾನೂ ಮಾಸ್ತರ ಇದ್ದೆ ನೋಡ್ರಿ. ಧಾರವಾಡದಾಗ ಎಂಟ ವರ್ಷ ಭೂಗೋಳ. ಇಲ್ಲಿ ಬಂದ ಮ್ಯಾಲ ನನ್ನ ಪಾಠಾನೂ ಹಿಂದ ಕೂತು ನೋಡಿದ್ರು. ನಲವತ್ತ ನಿಮಿಷ ನಾನ ಮಾತಾಡಿದೆ. ಭಾಳ ಛಲೋ ಮಾತಾಡಿದೆ. ಒಂದು ಹುಡುಗ ನಿದ್ದಿ ಮಾಡಿದ." ಹೇಳಿ ನಕ್ಕರು. "ಆಮ್ಯಾಲ ಈ ಕೆಲಸ ಸಿಕ್ತು. ಸದ್ಯಕ್ಕ ಅಂತ ಹಿಡದೆ. ಇಪ್ಪತ್ತೆರಡು ವರ್ಷಾತು."

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ಹೆದರಿಕೆ ಕಡಿಮೆಯಾಗಲಿಲ್ಲ. ಮರುದಿನ ಸಂಜೆಯೇ ಊರಿನ ದೊಡ್ಡ ಲೈಬ್ರರಿಗೆ ಹೋಗಿ ಕದ್ದು ಉತ್ತರ ಹುಡುಕಿದೆ. ಅಮೆರಿಕದ ಚರಿತ್ರೆಯ ದಪ್ಪ ಪುಸ್ತಕದಲ್ಲಿ ಆ ಪ್ರಯಾಣಕ್ಕೆ ಒಂದೂವರೆ ಪುಟ; ಹೊರಟರು, ತಲುಪಿದರು, ಬಂದರು. ಕವಲಿನ ಸುದ್ದಿಯೇ ಇಲ್ಲ. ವಿಧಿಯಿಲ್ಲದೆ ನಾನು ಪ್ರಾಮಾಣಿಕಳಾದೆ.

ಆ ದಿನ ಬಂತು. ಪರೀಕ್ಷಕಿ ಹಿಂದಿನ ಸಲದವರೇ. ಬೂದು ಕೋಟು, ಮಡಿಲಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಮುಖ್ಯೋಪಾಧ್ಯಾಯಿನಿ ಅವರ ಪಕ್ಕದಲ್ಲಿ ನನಗಿಂತ ಬಿಳಿಚಿಕೊಂಡು ಕೂತಿದ್ದರು. ನಾನು ನೆಲದ ಮೇಲೆ ಎರಡು ಬೋಗುಣಿ ಇಟ್ಟೆ. ಒಂದರಲ್ಲಿ ಶಾಲೆಯ ಹಿಂದಿನ ಪಾತಿಯಿಂದ ಕದಡಿ ತಂದ ಕೆಸರು ನೀರು. ಇನ್ನೊಂದರಲ್ಲಿ ನಲ್ಲಿಯ ತಿಳಿನೀರು, ಅದರ ತಳದಲ್ಲಿ ಪೆಟ್ಟಿಗೆಯ ದುಂಡು ಕಲ್ಲುಗಳು. ಕಥೆ ಹೇಳಿದೆ, ಕಾರ್ಡು ಹಂಚಿದೆ, ಕೇಳಿದೆ: "ನೀವೇ ಕ್ಯಾಪ್ಟನ್. ಯಾವ ಹೊಳೆ?"

ಯಾರೂ ಮಾತಾಡಲಿಲ್ಲ. ನನ್ನ ನಾಲಿಗೆ ಅಭ್ಯಾಸದಂತೆ ಮುಂದೆ ಬಂತು. ಆದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದೆ. ಪರೀಕ್ಷಕಿಯ ಪೆನ್ನು ಕೂಡ ನಿಂತಿತ್ತು. ಏಳಕ್ಕೆ ಬಂದಾಗ ಒಬ್ಬ ಹುಡುಗ ಕೆಸರು ನೀರಿನಲ್ಲಿ ಬೆರಳಿಟ್ಟು, ಇದೇ ಎಂದ. ಯಾಕೆ ಎಂದೆ. ನಿಜವಾಗಿಯೂ ತಿಳಿಯಬೇಕಿತ್ತು, ಅದಕ್ಕೇ ಕೇಳಿದೆ. ಇಷ್ಟು ದಿನ ನೋಡಿದ್ದು ಇದೇ ಬಣ್ಣ ಮಿಸ್ ಎಂದ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅವನ ಕಡೆಗೆ ಸರಿದರು. ಕಲ್ಲನ್ನು ಕೆನ್ನೆಗೆ ಒತ್ತಿಕೊಂಡಿದ್ದ ಇನ್ನೊಬ್ಬ, ಇದು ಉರುಳಿ ಉರುಳಿ ನುಣುಪಾಗಿದೆ, ಬೆಟ್ಟದಿಂದ ಬಂದಿರಬೇಕು, ಅವರು ಹೋಗಬೇಕಾದ್ದೂ ಬೆಟ್ಟಕ್ಕೇ ಅಲ್ಲವೇ ಎಂದ. ನಾಲ್ಕು ಜನ ತಿಳಿನೀರಿನ ಕಡೆಗೆ ಬಂದರು. ಆಮೇಲೆ ಗಲಾಟೆ ಶುರುವಾಯಿತು. ಒಳ್ಳೆಯ ಗಲಾಟೆ. ನಾನು ಮಂಡಿಯೂರಿ ಅವರ ನಡುವೆ ಕೂತು ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ತಲೆಯಾಡಿಸುತ್ತಿದ್ದೆ.

ಆಗ ಕಿರ್ಸ್ಟಿ ಕೈಯೆತ್ತಿದಳು. ತರಗತಿಯಲ್ಲಿ ಬಾಯಿಯೇ ಬಿಡದ, ಆದರೆ ಹಿಡಿದ ಹಟ ಬಿಡದ ಹುಡುಗಿ.

"ಮಿಸ್, ಅಲ್ಲಿ ಜನ ಇದ್ದರಲ್ಲ? ಮಣಿ ಕೊಟ್ಟದ್ದು ಅವರಿಗೇ ಅಲ್ಲವೇ? ಅವರನ್ನೇ ಕೇಳಬಹುದಿತ್ತಲ್ಲ?"

ಮೂರು ವಾರ ಈ ಪಾಠವನ್ನು ತಲೆಯಲ್ಲಿ ಹೊತ್ತು ತಿರುಗಿದ ನನಗೆ ಇದು ಹೊಳೆದಿರಲಿಲ್ಲ. "ನನಗೆ ಗೊತ್ತಿಲ್ಲ ಕಿರ್ಸ್ಟಿ" ಎಂದೆ. "ಕೇಳಿದ್ದರೆ ಏನು ಕೇಳುತ್ತಿದ್ದೆ?" ಮಕ್ಕಳು ಅದನ್ನು ಹಿಡಿದುಕೊಂಡು ಹೊರಟರು. ಬೆಲ್ಲು ಹೊಡೆದಾಗ ಯಾರೂ ಏಳಲಿಲ್ಲ. "ಉತ್ತರ ಹೇಳಿ ಮಿಸ್" ಎಂದು ಕಿರುಚುತ್ತಿದ್ದರು. ಉತ್ತರ ನನ್ನ ಹತ್ತಿರ ಇಲ್ಲ, ಪೆಟ್ಟಿಗೆ ಮಾಡಿದವರ ಹತ್ತಿರ ಇದೆ ಎಂದೆ. ಸುಳ್ಳೆಂದು ನಗಾಡಿದರು.

ನಾಲ್ಕು ಗಂಟೆಗೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕರೆದರು. ಪರೀಕ್ಷಕಿ ಕೇಳಿದ ಮೊದಲ ಪ್ರಶ್ನೆ: "ನಿಮಗೆ ನಿಜವಾಗಿ ಉತ್ತರ ಗೊತ್ತಿರಲಿಲ್ಲವೇ?"

ತಯಾರಿಯಿಲ್ಲದೆ ಬಂದವಳು ಎಂದು ಬರೆಯುತ್ತಾರೆ, ಮುಗಿಯಿತು ಎಂದುಕೊಂಡೆ. ಸುಳ್ಳು ಹೇಳಲು ಶಕ್ತಿಯಿರಲಿಲ್ಲ. "ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ" ಎಂದೆ.

ಆಕೆ ಕನ್ನಡಕ ತೆಗೆದು ನಕ್ಕರು. "ನನಗೂ ಗೊತ್ತಿಲ್ಲ. ಮನೆಗೆ ಹೋಗುತ್ತ ತಲೆ ತಿನ್ನುತ್ತದೆ. ನೀವು ಪಾಸಾಗಿದ್ದೀರಿ."

ಹೊರಗೆ ಬಂದು ಮಕ್ಕಳ ಕೋಟು ತೂಗುಹಾಕುವ ಓಣಿಯಲ್ಲಿ, ಆ ಪುಟ್ಟ ಬೆಂಚಿನ ಮೇಲೆ ಕೂತು ಅತ್ತೆ. ಯಾರದೋ ಮರೆತುಹೋದ ಮಳೆಕೋಟಿನಲ್ಲೇ ಮುಖ ಒರೆಸಿಕೊಂಡೆ. ಅಳು ನಿಂತ ಮೇಲೆ ಹಸಿವಾಯಿತು. ಎಷ್ಟೋ ತಿಂಗಳ ಮೇಲೆ ಹಸಿವೆಂಬ ಹಸಿವಾಯಿತು. ಬಸ್‌ಸ್ಟಾಪಿನ ಎದುರಿನ ಅಂಗಡಿಯಲ್ಲಿ ಬಿಸಿ ಚಿಪ್ಸ್ ಕೊಂಡು, ವಿನಿಗರ್ ಸುರಿಸಿಕೊಂಡು, ಎರಡು ಬಸ್ಸು ಬಿಟ್ಟು ನಿಂತಲ್ಲೇ ತಿಂದೆ. ಬದುಕಿದೆ ಎನ್ನಿಸಿತು. ಹಾಗೆಂದು ಪಕ್ಕದಲ್ಲಿದ್ದ ಮುದುಕಿಗೆ ಹೇಳಿಯೂ ಬಿಟ್ಟೆ. ಆಕೆ, ಒಳ್ಳೆಯದಾಯಿತು ಕಂದಾ ಎಂದು ನನ್ನ ಪೊಟ್ಟಣದಿಂದ ಒಂದು ಚಿಪ್ ತೆಗೆದುಕೊಂಡಳು.

ಮರುದಿನ ಶಾಲೆ ಬಿಟ್ಟ ಮೇಲೆ ಉಗ್ರಾಣಕ್ಕೆ ಹೋಗಿ ಸುದ್ದಿ ಹೇಳಿದೆ. "ಹೌದೇನ್ರಿ?" ಎಂದರು. ಕುರ್ಚಿಯ ಮೇಲಿದ್ದ ಕಾಗದ ಸರಿಸಿ ನನ್ನನ್ನು ಕೂರಿಸಿದರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಅವರ ಪ್ರಶ್ನೆಗಳು ಶುರುವಾದವು. ಮೊದಲು ನೀರಿನಾಗ ಕೈ ಹಾಕಿದವರು ಯಾರು? ಹುಡುಗನೋ ಹುಡುಗೀನೋ? ಕಲ್ಲು ಯಾರರೆ ಮೂಸಿ ನೋಡಿದ್ರೇನು? ಮೆಟ್ಟು ಕಾಲಿಗೆ ಹಾಕ್ಕೊಂಡ್ರೋ ಸುಮ್ಮ ನೋಡಿದ್ರೋ? ಬಾಯಲ್ಲಿ ನೀರೂರಿದವರಂತೆ ಕೇಳುತ್ತಿದ್ದರು. ಹೇಳುತ್ತ ಹೇಳುತ್ತ ನನಗೆ ಒಂದು ಸಂಶಯ ಬಂತು.

"ಸಾರ್, ನೀವು ಮಾಡಿದ ಪೆಟ್ಟಿಗೆ ಮಕ್ಕಳು ಬಿಚ್ಚೋದನ್ನ ನೀವು ನೋಡೇ ಇಲ್ಲವಾ?"

"ನಾ ರಿಸೆಪ್ಷನ್ ತನಕ. ಅಲ್ಲೆ ಸಹಿ ಮಾಡಿಸ್ಕೊಂಡು ಬರ್ತೀನಿ."

ಇಪ್ಪತ್ತೆರಡು ವರ್ಷ. ನನಗೆ ಮತ್ತೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಶುಕ್ರವಾರ ನಮ್ಮ ತರಗತಿಗೆ ಬನ್ನಿ ಎಂದೆ. ಬ್ಯಾಡ್ರಿ ಎಂದರು. ಆವತ್ತಿನ ಆ ನಲವತ್ತು ನಿಮಿಷದ ಮೇಲೆ ಒಂದು ತರಗತಿಯ ಒಳಗೂ ಕಾಲಿಟ್ಟಿಲ್ಲ, ಈಗ್ಯಾಕ ಎಂದರು. ನಾನು ಬಿಡಲಿಲ್ಲ. ಮೂವತ್ತು ಮಕ್ಕಳು ಉತ್ತರಕ್ಕೆ ಕಾಯುತ್ತಿದ್ದಾರೆ, ಅಂಚೆಯಲ್ಲಿ ಕಳಿಸಿದರೆ ನಾನು ಲಕೋಟೆ ಒಡೆಯುವುದಿಲ್ಲ, ಬೇಕಾದರೆ ನೀವೇ ಬಂದು ಓದಿ ಎಂದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಆ ಲಕೋಟೆ ಹೊರಗಿಟ್ಟರು. ಆಮೇಲೆ, ಎಷ್ಟ ಗಂಟೆಗೆ ಎಂದರು.

ಟೈ ಕಟ್ಟಿಕೊಂಡು ಬಂದರು. ಮುಖ್ಯೋಪಾಧ್ಯಾಯಿನಿ ಕೊಟ್ಟ ಕಾಫಿಯನ್ನು ಹಾಗೇ ಕಿಟಕಿಯಲ್ಲಿಟ್ಟು ಮರೆತರು. ಹಿಂದೆ, ಮಕ್ಕಳ ಒಂದು ಸಣ್ಣ ಕುರ್ಚಿಯಲ್ಲಿ, ಮಂಡಿ ಎದೆಗೆ ತಾಗುವಂತೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಮಕ್ಕಳಿಗೆ ಅವರು ಯಾರೆಂದು ಹೇಳಿದೆ. ಈ ಮೆಟ್ಟು ನೀವೇ ಹೊಲಿದದ್ದಾ, ಈ ಕರಡಿಯ ಉಗುರು ನಿಜವಾದದ್ದಾ ಎಂದು ಎಲ್ಲರೂ ಮುತ್ತಿಕೊಂಡರು. ಒಬ್ಬ ಹುಡುಗ ಅವರ ಕಿವಿಯ ಮೇಲಿನ ಪೆನ್ಸಿಲ್ ಕಿತ್ತು ನೋಡಿ ವಾಪಸ್ ಸಿಕ್ಕಿಸಿದ. ಅವರ ಕೈ ತೊಡೆಯ ಕೆಳಗಿನಿಂದ ಯಾವಾಗ ಹೊರಗೆ ಬಂತೋ ನಾನು ನೋಡಲಿಲ್ಲ. ನೋಡಿದಾಗ ಅವರು ನೆಲದ ಮೇಲೆ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಲಕೋಟೆ ಒಡೆಯುವ ಮೊದಲು ಇನ್ನೊಂದು ಸಲ ಪಕ್ಷ ಕಟ್ಟೋಣ ಎಂದೆ. ಮೂರು ದಿನದಲ್ಲಿ ಆಟದ ಮೈದಾನದಲ್ಲಿ ಬೇಕಾದಷ್ಟು ವಾದ ನಡೆದಿತ್ತು. ನುಣುಪು ಕಲ್ಲು ಗೆದ್ದುಬಿಟ್ಟಿತ್ತು. ಒಬ್ಬೊಬ್ಬರಾಗಿ ಎಲ್ಲರೂ ತಿಳಿನೀರಿನ ಬೋಗುಣಿಯ ಹಿಂದೆ ಹೋಗಿ ನಿಂತರು. ನಾನೂ ಅಲ್ಲೇ ನಿಂತೆ. ಮುಖ್ಯೋಪಾಧ್ಯಾಯಿನಿ ಕೂಡ ಬಾಗಿಲಿನಿಂದ ಬಂದು ನಮ್ಮ ಕಡೆ ಸೇರಿಕೊಂಡರು. ಕೆಸರು ನೀರಿನ ಹಿಂದೆ ಉಳಿದವಳು ಕಿರ್ಸ್ಟಿ. ಇಷ್ಟು ದಿನ ಕೆಸರಾಗಿದ್ದ ನದಿ ಒಂದೇ ದಿನದಲ್ಲಿ ಮುಖ ತೊಳೆದುಕೊಂಡುಬಿಡುತ್ತದೆಯೇ ಎಂದು ಅವಳ ವಾದ. ಎಲ್ಲರೂ ಈ ಕಡೆ ಬಾ ಎಂದು ಕರೆದರು. ಅವಳ ಕಿವಿ ಕೆಂಪಾಗಿತ್ತು, ಕಾಲು ಮಾತ್ರ ಕದಲಲಿಲ್ಲ.

"ನೀವು ಸರ್? ನೀವು ಯಾವ ಕಡೆ?" ಎಂದು ಮಕ್ಕಳು ಕೇಳಿದರು.

ಅವರು ಮಂಡಿಗೆ ಕೈಕೊಟ್ಟು ಎದ್ದರು. ಎರಡೂ ಬೋಗುಣಿಯಲ್ಲಿ ಬೆರಳಿಟ್ಟು ನೋಡಿದರು. ತಲೆ ಕೆರೆದುಕೊಂಡರು. ನಿಧಾನಕ್ಕೆ ನಡೆದುಹೋಗಿ ಕಿರ್ಸ್ಟಿಯ ಪಕ್ಕ ನಿಂತರು. ಪೆಟ್ಟಿಗೆ ಮಾಡಿದವರೇ ಅಲ್ಲಿ ಎಂದರೆ! ಆರೇಳು ಜನ ಮೆಲ್ಲಗೆ ಆ ಕಡೆ ಜಾರಿದರು. ನನ್ನ ಕಾಲೂ ಸ್ವಲ್ಪ ಅಲುಗಿತು.

ಆಮೇಲೆ ಅವರು ಅಲ್ಲೇ ನಿಂತು ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು, ಕನ್ನಡಕ ಏರಿಸಿ, ಧಾರವಾಡದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ಆ ಪ್ರಯಾಣದಲ್ಲಿ ಜೊತೆಯವರೆಲ್ಲ ಕೆಸರು ಹೊಳೆಯೇ ಸರಿ ಎಂದರು. ಇಬ್ಬರು ಕ್ಯಾಪ್ಟನ್‌ಗಳು ಮಾತ್ರ ತಿಳಿ ಹೊಳೆ ಎಂದರು. ಯಾರೂ ಒಪ್ಪಲಿಲ್ಲ, ಆದರೂ ನಗುನಗುತ್ತಲೇ ಅವರ ಹಿಂದೆ ಹೊರಟರು. ಹಿಂದಿನ ಚಳಿಗಾಲದಲ್ಲಿ ಆ ನಾಡಿನ ಜನ ಮೊದಲೇ ಹೇಳಿದ್ದರು, ನಿಜವಾದ ನದಿಯ ಮೇಲೆ ದೊಡ್ಡ ಜಲಪಾತ ಇದೆ ಎಂದು. ತಿಳಿ ಹೊಳೆಯಲ್ಲಿ ಹೋದರು, ಜಲಪಾತ ಸಿಕ್ಕಿತು.

ತಿಳಿನೀರಿನ ಕಡೆಯವರು ಕುಣಿದಾಡಿದರು. ಕಿರ್ಸ್ಟಿ ಮಾಸ್ತರ ತೋಳು ಹಿಡಿದು, "ನಾನು ಹೇಳಿರಲಿಲ್ಲವೇ, ಅಲ್ಲಿಯ ಜನರನ್ನ ಕೇಳಬೇಕು ಅಂತ" ಎಂದಳು. ಸೋತ ಲಕ್ಷಣವೇ ಇರಲಿಲ್ಲ. ಇಬ್ಬರೂ ಕೆಸರು ಬೋಗುಣಿಯನ್ನು ಒಂದೊಂದು ಕಿವಿ ಹಿಡಿದು ಹೊರಗೆ ಒಯ್ದು ಪಾತಿಗೆ ಸುರಿದು ಬಂದರು.

ಸಂಜೆ ವ್ಯಾನಿನವರೆಗೆ ಅವರೊಡನೆ ನಡೆದುಹೋದೆ. ಪೆಟ್ಟಿಗೆಯನ್ನು ಒಳಗಿಟ್ಟು, ಬೆಲ್ಟು ಬಿಗಿದು, ಬಾಗಿಲು ಹಾಕಿದರು. ಟೈ ಕಿತ್ತು ಜೇಬಿಗೆ ತುರುಕಿದರು. ನನಗೆ ತಡೆಯಲಾಗಲಿಲ್ಲ.

"ಉತ್ತರ ನಿಮ್ಮ ಜೇಬಿನಲ್ಲೇ ಇತ್ತು ಸಾರ್. ಗೊತ್ತಿದ್ದೂ ತಪ್ಪು ಕಡೆ ಯಾಕೆ ಹೋಗಿ ನಿಂತ್ರಿ?"

ಇದೇನು ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿದರು.

"ಅಲ್ರೀ, ಆ ಹುಡುಗಿ ಒಬ್ಬಾಕೀನ ನಿಂತಿದ್ಲಲ್ಲ" ಎಂದರು.